ನನ್ನ ಕೋಪಕ್ಕೆ ಮಾವಿನಹಣ್ಣಿನ ಜಾಮೀನು

ನನಗೆ ಕೋಪ ಜಾಸ್ತಿ ಎನ್ನುವವರಿಗೆ ಬುದ್ಧಿ ಕಡಿಮೆ. ಕೋಪ ನನ್ನದಲ್ಲ, ಮಾವಿನಹಣ್ಣಿನದು. ಹಣ್ಣು ಉಷ್ಣ, ಉಷ್ಣ ತಲೆಗೇರುತ್ತದೆ, ತಲೆಯಿಂದ ಬಾಯಿಗಿಳಿಯುತ್ತದೆ. (ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಈ ಶಾಸ್ತ್ರ ಮಾತ್ರ ಪೂರ್ತಿ ಕಲಿತಿದ್ದೆ.) ಮಾವು ಸಿಗದ ತಿಂಗಳಲ್ಲಿ ಕೂಗಾಡಿದರೆ ಹಲಸು, ಅದೂ ಇಲ್ಲದಾಗ ಪಪ್ಪಾಯಿ. ಒಟ್ಟಿನಲ್ಲಿ ವರ್ಷವಿಡೀ ಯಾವುದೋ ಒಂದು ಹಣ್ಣು ನನಗೆ ಜಾಮೀನು ನಿಲ್ಲುತ್ತಿತ್ತು.

ನಾನು ಬಡಗಿ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಹೋದ ವರ್ಷ ಶಾಲೆಯ ಹೆಡ್‌ಮೇಡಂ ಬೆಂಚಿನ ಅಳತೆಯನ್ನು ಎರಡನೇ ಸಲ ಬದಲಿಸಿದಾಗ ಟೇಪು ಬಿಸಾಕಿ, "ನೀವೇ ಕೊಯ್ಕೊಳ್ಳಿ" ಅಂದಿದ್ದೆ. ಆರ್ಡರು ಬೇರೆಯವರ ಪಾಲಾಯಿತು. ಆ ಬೆಂಚುಗಳು ಮೂರೇ ತಿಂಗಳಿಗೆ ಕಾಲು ಮುರಿದುಕೊಂಡವಂತೆ. ಈ ವರ್ಷ ನಲವತ್ತು ಬೆಂಚು ಬೇಕು, ಮುಂದಿನ ವಾರ ಸೋಮವಾರ ಬರುತ್ತೇನೆ ಎಂದು ಮೇಡಂ ಹೇಳಿಕಳಿಸಿದರು.

"ಈ ಸಲಾನೂ ಕಿರುಚಿದ್ರೆ?" ಅಂದಳು ನನ್ನಾಕೆ.

"ಹಣ್ಣು ತಿಂದ್ರೆ ತಾನೇ ಕಿರುಚೋದು? ಇವತ್ತಿಂದ ಒಂದು ಹೋಳೂ ಮುಟ್ಟಲ್ಲ."

"ಈಗಾಗ್ಲೇ ಒಳಗೆ ಸೇರಿರೋ ಉಷ್ಣ ಏನಾಗ್ಬೇಕು? ಸಿಹಿಗುಂಬಳದ ಔಷಧಿ ಮಾಡ್ಕೊಡ್ತೀನಿ. ದಿನಾ ಎರಡು ಹೊತ್ತು. ಮಾತಾಡ್ದೆ ಕುಡೀರಿ."

ಔಷಧಿ ಎಂದ ಮೇಲೆ ಕಣ್ಣು ಮುಚ್ಚಿ, ಮೂಗು ಹಿಡಿದು, ಒಂದೇ ಗುಟುಕಿಗೆ ಇಳಿಸುವುದು ಚಿಕ್ಕಂದಿನಿಂದ ನನ್ನ ಪದ್ಧತಿ. ಹಾಗೇ ಇಳಿಸಿದೆ. ನಾಲಿಗೆಯಲ್ಲಿ ಉಳಿದ ಸಿಹಿ ಕುಂಬಳದ್ದೆಂದುಕೊಂಡೆ. ಎದುರಿಗೇ ಮಕ್ಕಳು ಗೊರಟೆ ಚೀಪುತ್ತಿದ್ದರೆ ನಾನು ಮಹಾತಪಸ್ವಿಯಂತೆ ಗೋಡೆ ನೋಡುತ್ತಿದ್ದೆ. ಎಂಟೇ ದಿನದಲ್ಲಿ ಎಂಥ ಬದಲಾವಣೆ! ಸುತ್ತಿಗೆ ಹೆಬ್ಬೆರಳಿಗೆ ಬಿದ್ದರೂ, "ಪರವಾಗಿಲ್ಲ ಬಿಡು" ಎಂದು ಸುತ್ತಿಗೆಗೇ ಸಮಾಧಾನ ಹೇಳಿದೆ.

ಸೋಮವಾರ ಮೇಡಂ ಬೆಂಚಿನ ಎತ್ತರವನ್ನು ಮೂರು ಸಲ ಬದಲಿಸಿದರು. ಮೂರು ಸಲವೂ ನಗುತ್ತ ಬರೆದುಕೊಂಡೆ.

"ಏನ್ರೀ, ಮೈಯಲ್ಲಿ ಹುಷಾರಿಲ್ವಾ?" ಅಂದರು.

"ಮಾವಿನಹಣ್ಣು ಬಿಟ್ಟೆ ಮೇಡಂ. ಅದೇ ನನ್ನ ಶತ್ರು. ಈಗೇನಿದ್ರೂ ಕುಂಬಳದ ಔಷಧಿ."

"ನಮ್ಮನೆಯವರಿಗೂ ಬೇಕಿತ್ತು ನೋಡಿ. ಸ್ವಲ್ಪ ಕೊಡಿ, ಹೇಗಿದೆ ನೋಡೋಣ."

ನನ್ನಾಕೆ ಲೋಟ ತಂದಳು. ಮೇಡಂ ಮೂಗು ಹಿಡಿಯಲಿಲ್ಲ. ಒಂದು ಗುಟುಕು ಕುಡಿದು, ಚಪ್ಪರಿಸಿ, ಕೇಳಿದರು: "ಇದು ಮಾವಿನಹಣ್ಣಲ್ವೇನ್ರೀ?"

"ಹೌದು ಮೇಡಂ," ಅಂದಳು ನನ್ನಾಕೆ, ಕೈ ಒರೆಸಿಕೊಳ್ಳುತ್ತ. "ಎಂಟು ದಿನದಿಂದ ಇದನ್ನೇ ಕುಡೀತಿದ್ದಾರೆ. ಹೊತ್ತಿಗೊಂದು ಹಣ್ಣು."

ರಕ್ತ ಸರ್ರನೆ ನೆತ್ತಿಗೇರಿತು. ಬಾಯಿ ತೆರೆದೆ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೂಗಿದರೆ ಆರ್ಡರು ಹೋಗುತ್ತದೆ, ಕೂಗದಿದ್ದರೆ ಶಾಸ್ತ್ರ ಹೋಗುತ್ತದೆ. ಶಾಸ್ತ್ರವನ್ನೇ ಬಿಟ್ಟೆ.

ಸಂದು ಕಾಣದಂತೆ ಮರ ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಇವಳ ಕೆಲಸದಲ್ಲಿ ಉಗುರು ತೂರುವಷ್ಟೂ ಸಂದಿರಲಿಲ್ಲ.

ನಲವತ್ತು ಬೆಂಚೂ ಈಗ ಶಾಲೆಯಲ್ಲಿವೆ. ಹಣ್ಣಿನ ಹೋಳು ದಿನಾ ನನ್ನ ತಟ್ಟೆಗೆ ಬರುತ್ತದೆ. ಕೋಪವೂ ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಬೈದ ಮೇಲೆ ತಪ್ಪಾಯಿತು ಎಂದು ನಾನೇ ಹೇಳಬೇಕು. ಇಪ್ಪತ್ತು ವರ್ಷ ಆ ಕೆಲಸವನ್ನು ಹಣ್ಣೇ ಮಾಡುತ್ತಿತ್ತು.