ಕೆರೆಯ ಮೀನುಗಳ ಸ್ಥಳಾಂತರ ಕಾರ್ಯಕ್ರಮ

ದೊಡ್ಡ ಆಸ್ತಿ ನೋಡಿಕೊಳ್ಳುವುದರಲ್ಲಿ ಅಂಥ ಕಷ್ಟವೇನೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ವರ್ಷಗಳಲ್ಲಿ ಆಸ್ತಿಯನ್ನು ನನ್ನ ಸೋದರಮಾವ ನೋಡಿಕೊಳ್ಳುತ್ತಿದ್ದರು.

ನಮ್ಮದು ಅಳಿಯಸಂತಾನದ ಜೈನ ಮನೆತನ. ಆಸ್ತಿ ತಾಯಿಯಿಂದ ಮಗಳಿಗೆ ಬರುತ್ತದೆ, ಅದರ ತಲೆನೋವು ಸೋದರಮಾವನಿಗೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಆದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವನ ಮೊಣಕಾಲು ಕೈಕೊಟ್ಟಿತು. ಮೂಡಬಿದ್ರೆಯ ಮಗಳ ಮನೆಗೆ ಹೊರಟುನಿಂತ ಅವರು ಕೀಲಿಕೈ ಗೊಂಚಲನ್ನು ನನ್ನ ಕೈಯಲ್ಲಿಟ್ಟರು.

"ಎಲ್ಲ ಉಂಟು ವಿಜಯ. ಗದ್ದೆ ಉಂಟು, ತೆಂಗು ಉಂಟು, ಗೇರುಗುಡ್ಡೆ ಉಂಟು, ಕೆರೆ ಉಂಟು. ನೋಡಿಕೊಂಡು ಹೋದ್ರೆ ಆಯ್ತು," ಎಂದರು.

ನೋಡಿಕೊಂಡು ಹೋದೆ. ಗುಡ್ಡೆಯ ಬೇಲಿ ಬಿದ್ದಿತ್ತು. ಅದನ್ನು ಕಟ್ಟಿಸುವಷ್ಟರಲ್ಲಿ ದನದ ಹಟ್ಟಿಯ ಹಂಚು ಜಾರಿತು. ಹಂಚು ಹೊದೆಸಿ ಇಳಿಯುವಷ್ಟರಲ್ಲಿ ಗದ್ದೆಯ ಬದಿಯ ಕಟ್ಟೆ ಕುಸಿಯಿತು. ಕಟ್ಟೆ ಎಬ್ಬಿಸಿ ತಲೆಯೆತ್ತಿದರೆ ಬೇಲಿ ಇನ್ನೊಂದು ಕಡೆ ಬಿದ್ದಿತ್ತು. ಭಾನುವಾರ ಪೇಟೆಯಿಂದ ಬರುವ ನೆಂಟರು ಮಾತ್ರ ಜಗಲಿಯಲ್ಲಿ ಕಾಲು ಚಾಚಿ ಕುಳಿತು, "ಎಷ್ಟು ನೆಮ್ಮದಿ ನಿಮಗೆ. ಎಂತ ಕೆಲಸವೂ ಇಲ್ಲ, ತಂಪಾಗಿ ಇರ್ಬಹುದು," ಎಂದು ಹೇಳಿ, ಹಲಸಿನ ಹಣ್ಣು ಹೊತ್ತುಕೊಂಡು ಹೋಗುತ್ತಿದ್ದರು.

ಇಷ್ಟಾದರೂ ನನ್ನ ಉತ್ಸಾಹ ಕುಗ್ಗಲಿಲ್ಲ. ಏಕೆಂದರೆ ನನಗೆ ಕೆರೆ ಇತ್ತು.

ಕೆಂಪು ಮುರಕಲ್ಲಿನ ಮೆಟ್ಟಿಲುಗಳಿದ್ದ ಅಗಲವಾದ ಕೆರೆ ಅದು. ನಮ್ಮ ಬಾವಿಗೂ ಸುತ್ತಲಿನ ಮನೆಗಳ ಬಾವಿಗಳಿಗೂ ಅದೇ ಆಧಾರ. ಆದರೆ ಮಾವನ ಕಾಲದಲ್ಲಿ ಅದರ ಹೂಳು ತೆಗೆದಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನೀರು ಹಸಿರು ಬಣ್ಣದ ಒಂದು ತಟ್ಟೆಯಷ್ಟಕ್ಕೆ ಇಳಿದು, ಪಕ್ಕದ ಮನೆಯ ಜುಬೈದಾ ಕೊಡ ಹಿಡಿದುಕೊಂಡು ನಮ್ಮ ಬಾವಿಗೆ ಬಂದಿದ್ದಳು. ಮರುವಾರ ನಮ್ಮ ಬಾವಿಯಲ್ಲೂ ಕೊಡ ಕಲ್ಲಿಗೆ ತಾಗಿತು. ಈ ಬೇಸಿಗೆಯಲ್ಲಿ ಮಳೆ ಬರುವ ಮೊದಲು ಹೂಳೆತ್ತಿಸುತ್ತೇನೆ ಎಂದು ನಾನು ಊಟದ ಹೊತ್ತಿಗೆ ಘೋಷಿಸಿದೆ.

ನನ್ನ ಯಜಮಾನರು ಧರಣೇಂದ್ರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಅವರು, "ಉತ್ತಮ ಯೋಜನೆ," ಎಂದು ಮಜ್ಜಿಗೆ ಸುರಿದುಕೊಂಡರು. ಮನೆಯ ಹಿರಿಯರಾದ ಸುನಂದ ಚಿಕ್ಕಮ್ಮ, ಅಂದರೆ ನನ್ನ ಅಮ್ಮನ ತಂಗಿ, ಒಂದೇ ಪ್ರಶ್ನೆ ಕೇಳಿದರು.

"ಮೀನುಗಳು?"

ಅದನ್ನು ನಾನು ಯೋಚಿಸಿರಲಿಲ್ಲ. ಜೈನರ ಕೆರೆಯಲ್ಲಿ ಗಾಳ ಹಾಕುವವರಿಲ್ಲ. ತಲೆತಲಾಂತರದಿಂದ ನಮ್ಮ ಕೆರೆಯಲ್ಲಿ ಮೀನುಗಳು ಹುಟ್ಟಿ, ದಪ್ಪಗಾಗಿ, ಮುದಿಯಾಗಿ, ಸಹಜವಾಗಿಯೇ ತೀರಿಕೊಳ್ಳುತ್ತಿದ್ದವು. ಮೆಟ್ಟಿಲಲ್ಲಿ ಕಾಲಿಟ್ಟರೆ ಓಡಿಹೋಗುವುದಲ್ಲ, ಯಾರು ಬಂದರು ಎಂದು ನೋಡಲು ಬರುತ್ತಿದ್ದವು.

"ಒಂದು ಮೀನೂ ಸಾಯದ ಹಾಗೆ ಮಾಡಿಸ್ತೇನೆ ಚಿಕ್ಕಮ್ಮ," ಎಂದೆ. ಮಾತು ಬಾಯಿಂದ ಹೊರಟುಹೋಯಿತು.

ಮೊದಲ ಅಡ್ಡಿ ಕೆಲಸದವರಿಂದಲೇ ಬಂತು. ಕೆರೆ ಬತ್ತಿಸಿದರೆ ಮೀನು ಅಗೆದವರಿಗೆ, ಇದು ಊರಿನ ವಾಡಿಕೆ. ಅವರ ಮುಂದಾಳು ಬಾಬು ದೊಡ್ಡ ಬುಟ್ಟಿ ತಂದೇ ಬಂದಿದ್ದ.

"ಮೀನಿನ ಬದಲು ನಿಮಗೆ ದಿನಾ ಪಾಯಸದ ಊಟ ಹಾಕ್ತೇನೆ ಬಾಬು," ಎಂದೆ.

ಬಾಬು ಬುಟ್ಟಿಯನ್ನು ಕೆಳಗಿಟ್ಟ. "ಪಾಯಸದಲ್ಲಿ ಮುಳ್ಳು ಇರುವುದಿಲ್ಲ, ಅದೊಂದು ಒಳ್ಳೇದು. ಆದ್ರೆ ಅಕ್ಕ, ಮೀನಿಗೆ ಒಂದು ಪಾಯಸ ಸಮ ಆಗುವುದಿಲ್ಲ."

ಎರಡು ಬಗೆಯ ಪಾಯಸಕ್ಕೆ ಒಪ್ಪಂದವಾಯಿತು.

ನೀರು ಖಾಲಿ ಮಾಡುವ ಹೊಣೆಯನ್ನು ಜುಬೈದಾಳ ಗಂಡ ಇಬ್ರಾಯಿ ಹೊತ್ತ. ಅವನು ಗಲ್ಫಿನಿಂದ ಮರಳಿ ಪೇಟೆಯಲ್ಲಿ ಪಂಪು, ಪೈಪುಗಳ ಅಂಗಡಿ ಹಾಕಿದವನು. "ನೀವು ಹೆದರ್ಬೇಡಿ ಅಕ್ಕ. ನಾನು ದಮ್ಮಾಮಿನಲ್ಲಿ ಸಮುದ್ರದ ನೀರು ಎತ್ತುವ ಪಂಪು ನೋಡಿದವ," ಎಂದ. ಪಂಪು ಇಳಿಸಿದ ಮೇಲೆ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಆದ್ರೂ ಅಕ್ಕ, ಒಂದು ವಿಷಯ. ಜುಬೈದಾ ಮಸಾಲೆ ಅರೆದು ಇಟ್ಟಿದ್ದಾಳೆ," ಎಂದ.

"ಫ್ರಿಜ್ಜಿನಲ್ಲಿ ಇಡ್ಲಿಕ್ಕೆ ಹೇಳು," ಎಂದೆ.

ನೀರು ಇಳಿಯುತ್ತ ಹೋದಂತೆ ಮೀನುಗಳು ಮೇಲೆ ಕಾಣತೊಡಗಿದವು. ಬೆರಳೆಣಿಕೆಯಷ್ಟಿರಬಹುದು ಎಂದು ನಾನು ಅಂದಾಜಿಸಿದ್ದೆ. ಕೆಸರೇ ಕುದಿಯುತ್ತಿದೆಯೋ ಎಂಬಂತೆ ಅವು ಎದ್ದುಬಂದವು. ಬೆಳ್ಳಿಯಂಥ ಚಿಕ್ಕ ಮರಿಗಳು, ಅಂಗೈ ಅಗಲದವು, ಎಲ್ಲಕ್ಕೂ ಅಡಿಯಲ್ಲಿ ಮೀಸೆ ಬಿಟ್ಟ ಕಪ್ಪು ಮುಗುಡುಗಳು. ಊರಿನವರೆಲ್ಲ ದಂಡೆಯಲ್ಲಿ ಸಾಲಾಗಿ ನಿಂತು ನಿಟ್ಟುಸಿರು ಬಿಟ್ಟರು.

ಅಟ್ಟದಲ್ಲಿದ್ದ ತಾಮ್ರದ ಹಂಡೆಗಳನ್ನೆಲ್ಲ ಇಳಿಸಿ ತುಂಬಿಸಿದೆವು. ಸಾಲಲಿಲ್ಲ. ದೊಡ್ಡ ಮುಗುಡುಗಳನ್ನು ತೆಂಗಿಗೆ ನೀರು ಬಿಡುವ ಸಿಮೆಂಟು ಟಾಂಕಿಗೆ ಹಾಕಿಸಿದೆ. ಚಿಕ್ಕವುಗಳಿಗೆ ಎಲ್ಲಿ ಜಾಗ ಎಂದು ಸುತ್ತ ನೋಡಿದೆ. ಬಾವಿ ಕಾಣಿಸಿತು. ಇಷ್ಟು ಸುಲಭದ ಉಪಾಯ ಬೇರೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಬಾವಿಕಟ್ಟೆಯಿಂದ ನನ್ನನ್ನು ಕರೆದರು. ನಮ್ಮಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ನೀರಿನಲ್ಲಿರುವ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂದು ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಾಡುತ್ತೇವೆ. ಚಿಕ್ಕಮ್ಮನ ಬಟ್ಟೆಯಲ್ಲಿ ಒಂದು ಹಿಡಿ ಮರಿಮೀನುಗಳು ಕುಣಿಯುತ್ತಿದ್ದವು.

"ಇಷ್ಟು ವರ್ಷ ನಾನು ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ್ದು ವಿಜಯ," ಎಂದರು ಚಿಕ್ಕಮ್ಮ. "ಇವತ್ತು ಕಣ್ಣು ಬಿಟ್ಟು ನನ್ನನ್ನೇ ನೋಡುವ ಜೀವಗಳು ಬಂದಿವೆ."

ಮೊದಲ ಕೊಡ ಸೋಸಿ ಅವರು ಅವನ್ನು ಶ್ರದ್ಧೆಯಿಂದ ಬಾವಿಗೆ ಇಳಿಸಿದರು. ಎರಡನೆಯ ಕೊಡದಲ್ಲಿ ಅವೇ ಮರಿಗಳು ಮೇಲೆ ಬಂದವು. ಮಧ್ಯಾಹ್ನದ ಹೊತ್ತಿಗೆ ಮನೆಯ ಅನ್ನ, ಸಾರು, ಎರಡೂ ಬಗೆಯ ಪಾಯಸ, ಎಲ್ಲಕ್ಕೂ ಮೀನಿನ ವಾಸನೆ ಹತ್ತಿತು. ಬಾಬುವಿನ ತಂಡದವರು ಪಾಯಸವನ್ನು ಹಿಂದೆಂದಿಗಿಂತ ಹೆಚ್ಚು ಮೆಚ್ಚಿ ಎರಡೆರಡು ಬಾರಿ ಹಾಕಿಸಿಕೊಂಡರು. ನಾವು ಮೂವರು ಬಾಳೆಹಣ್ಣು ತಿಂದು ಎದ್ದೆವು.

ಸಂಜೆ ಅನಿರೀಕ್ಷಿತವಾಗಿ ಒಂದು ಮಳೆ ಬಂತು. ಕೆಲಸ ನಿಲ್ಲುತ್ತದಲ್ಲ ಎಂಬ ಚಿಂತೆಯೊಂದೇ ನನಗಿತ್ತು. ಮುಗುಡು ಮೀನಿಗೆ ಒದ್ದೆ ನೆಲದ ಮೇಲೆ ತೆವಳಿಕೊಂಡು ಹೋಗಲು ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಮಾಸ್ಟ್ರಿಗೆ ಗೊತ್ತಿತ್ತು. ಆದರೆ ಅದು ಆ ವರ್ಷದ ಪಠ್ಯದಲ್ಲಿ ಇರಲಿಲ್ಲವಂತೆ.

ಬೆಳಗಾಗುವಾಗ ಹೂ ಕೊಯ್ಯಲು ಅಂಗಳಕ್ಕಿಳಿದ ಚಿಕ್ಕಮ್ಮ, ನೆಂಟರು ಹೊರಟರು ಎನ್ನುವಷ್ಟು ಸಾವಧಾನವಾಗಿ, "ವಿಜಯ, ಮೀನುಗಳು ಹೊರಟವು," ಎಂದರು.

ಓಡಿಬಂದು ನೋಡಿದರೆ ಅಂಗಳದ ತುಂಬ ಮುಗುಡುಗಳು. ಟಾಂಕಿ ತುಂಬಿ ತುಳುಕಿ, ಅವು ದಂಡೆ ದಾಟಿ, ಎದೆಯ ರೆಕ್ಕೆ ಊರಿಕೊಂಡು ಎಲ್ಲ ದಿಕ್ಕುಗಳಿಗೂ ಯಾತ್ರೆ ಹೊರಟಿದ್ದವು. ಕೆಲವು ಹಟ್ಟಿಗೆ ಹೋಗಿ ದನಗಳನ್ನು ಎಬ್ಬಿಸಿದ್ದವು. ಹಲವು ಜಗಲಿ ಹತ್ತಿದ್ದವು. ಯಜಮಾನರು ಬಚ್ಚಲಿನ ಬಾಗಿಲು ತೆರೆದವರು ಹಾಗೆಯೇ ಮುಚ್ಚಿ, "ವಿಜಯ, ಒಳಗೆ ಯಾರೋ ಇದ್ದಾರೆ," ಎಂದರು. ಒಂದು ಮುದಿ ಮುಗುಡು ದೇವರ ಕೋಣೆಯ ಹೊಸ್ತಿಲಿನವರೆಗೆ ಬಂದು ನಿಂತುಕೊಂಡಿತ್ತು. ಒಳಗೆ ಹೋಗಲಿಲ್ಲ. ಅಷ್ಟರಮಟ್ಟಿಗೆ ಅದು ಜೈನರ ಕೆರೆಯ ಸಂಸ್ಕಾರ ಉಳಿಸಿಕೊಂಡಿತ್ತು.

ಹಿಡಿಯಲು ಹೋದರೆ ಅವುಗಳ ರೆಕ್ಕೆಯ ಮುಳ್ಳು ಚುಚ್ಚುತ್ತದೆ. ನಾನು ಅಡಿಕೆ ಹಾಳೆ ಹಿಡಿದೆ, ಯಜಮಾನರು ಕೊಡೆ ಹಿಡಿದರು. ಚಿಕ್ಕಮ್ಮ ಯಾವ ಮೀನನ್ನೂ ಮುಟ್ಟದೆ, ಮುಂದೆ ಮುಂದೆ ಹೋಗಿ ಬಾಗಿಲುಗಳನ್ನು ಮುಚ್ಚಿದರು. ಗದ್ದಲ ಕೇಳಿ ಇಬ್ರಾಯಿ ಬೇಲಿ ದಾಟಿ ಬಂದ. ಬರುವ ದಾರಿಯಲ್ಲಿ ಬೇಲಿ ಬಿತ್ತು.

"ಇವು ಇಲ್ಲಿ ನಿಲ್ಲುವ ಮೀನುಗಳಲ್ಲ ಅಕ್ಕ," ಎಂದ ಅವನು. "ನನ್ನ ಪಿಕಪ್ಪಿನಲ್ಲಿ ಟ್ಯಾಂಕು ಇಟ್ಟು ಫಲ್ಗುಣಿ ಹೊಳೆಗೆ ಕೊಂಡುಹೋಗಿ ಬಿಡುವ. ದೊಡ್ಡ ನೀರು, ದೊಡ್ಡ ಜಾಗ. ಅವಕ್ಕೂ ಸುಖ, ನಮಗೂ ಸುಖ."

ಹಂಡೆಯ ಮೀನು, ಬಾವಿಯಿಂದ ಬಟ್ಟೆಯಲ್ಲಿ ಎತ್ತಿದ ಮರಿಗಳು, ಅಂಗಳದ ಯಾತ್ರಿಕರು, ಎಲ್ಲವೂ ಅವನ ಅಂಗಡಿಯ ಪ್ಲಾಸ್ಟಿಕ್ ಟ್ಯಾಂಕುಗಳಿಗೆ ಹೋದವು. ಹೊರಡುವಾಗ ಯಜಮಾನರಿಗೆ ವಿಜ್ಞಾನ ನೆನಪಾಯಿತು.

"ಇಷ್ಟು ಮೀನಿಗೆ ಈ ನೀರಿನಲ್ಲಿರುವ ಆಮ್ಲಜನಕ ಸಾಲುವುದಿಲ್ಲ. ನೀರನ್ನು ಕಲಕುತ್ತಾ ಇರಬೇಕು," ಎಂದರು.

ಕಲಕಲು ಕೈಗೆ ಸಿಕ್ಕಿದ್ದು ಮಜ್ಜಿಗೆಯ ಕಡೆಗೋಲು. ಹೀಗೆ ಪಿಕಪ್ಪಿನ ಹಿಂಬದಿಯಲ್ಲಿ ಹೈಸ್ಕೂಲು ಮಾಸ್ಟ್ರು ಪಂಚೆ ಎತ್ತಿ ಕಟ್ಟಿ ಮೀನು ಕಡೆಯುತ್ತ, ಪಕ್ಕದಲ್ಲಿ ನಾನು ಟ್ಯಾಂಕನ್ನು ಅಪ್ಪಿ ಹಿಡಿದುಕೊಂಡು, ನಮ್ಮ ಮೆರವಣಿಗೆ ಹೊರಟಿತು.

ಹೊಳೆಗೆ ವಾಹನ ಹೋಗುವ ದಾರಿ ಪೇಟೆಯ ಮೂಲಕವೇ ಉಂಟು. ಅಂದು ಕಡಲ ಕಡೆಯಿಂದ ಮೀನಿನ ಗಾಡಿ ಬಂದಿರಲಿಲ್ಲ. ಜನ ಕೈಚೀಲ ಹಿಡಿದು ಬೆಳಿಗ್ಗೆಯಿಂದ ಕಾಯುತ್ತಿದ್ದರು. ಬಸ್ಸಿಗೆ ದಾರಿ ಬಿಡಲು ಇಬ್ರಾಯಿ ಬ್ರೇಕು ಹಾಕಿದ. ಟ್ಯಾಂಕಿನ ನೀರು ಉಕ್ಕಿತು. ಒಂದು ಮುಗುಡು ರಸ್ತೆಗೆ ಹಾರಿ, ಪೇಟೆಯ ಸಮಸ್ತರ ಎದುರು ತನ್ನ ಮೀಸೆ ಕುಣಿಸಿತು.

"ಜೀವ ಉಂಟು ಮಾರಾಯ, ಜೀವ ಉಂಟು," ಎಂದ ಯಾರೋ.

ಮತ್ತೆ ಪಿಕಪ್ ಅಲುಗಾಡಲು ಸಾಧ್ಯವಾಗಲಿಲ್ಲ. ಸುತ್ತಲೂ ಕೈಚೀಲಗಳು. ಒಬ್ಬ ಹೆಂಗಸು ನನ್ನ ಸೆರಗು ಹಿಡಿದೆಳೆದು, "ಅಮ್ಮ, ಒಂದು ದೊಡ್ಡದು ನೋಡಿ ಕೊಡಿ. ಕೊಯ್ದು ಕೊಡ್ತೀರಾ, ಇಲ್ಲ ಹಾಗೆಯೇ ಕೊಡುವುದಾ?" ಎಂದು ಕೇಳಿದಳು.

ಉತ್ತರಕ್ಕೆ ಬಾಯಿ ತೆರೆದಾಗ ಬಸ್ಸಿನಿಂದ ಇಳಿದು ನಿಂತವರು ಕಣ್ಣಿಗೆ ಬಿದ್ದರು. ನಮ್ಮ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು. ಅವರು ನನ್ನನ್ನು ನೋಡಿದರು. ಟ್ಯಾಂಕು ನೋಡಿದರು. ಕಡೆಗೋಲು ಹಿಡಿದ ಮಾಸ್ಟ್ರನ್ನು ನೋಡಿದರು. ಆಮೇಲೆ ಹತ್ತಿರ ಬಂದು, ಬಹಳ ಮೆಲ್ಲಗೆ ಹೇಳಿದರು.

"ವಿಜಯಮ್ಮ, ಅಷ್ಟು ಕಷ್ಟ ಉಂಟಾದ್ರೆ ನಮಗೆ ಒಂದು ಮಾತು ಹೇಳ್ಬಹುದಿತ್ತು."

ನನಗೆ ಟ್ಯಾಂಕಿನೊಳಗೆ ಇಳಿದುಬಿಡೋಣ ಎನಿಸಿತು. ಆಗ ನಮ್ಮನ್ನು ಕಾಪಾಡಿದವರು ಯಜಮಾನರು. ಅವರು ಕಡೆಗೋಲನ್ನು ಬೆತ್ತದಂತೆ ಎತ್ತಿ, ತರಗತಿಯ ದನಿಯಲ್ಲಿ, "ದಯವಿಟ್ಟು ಎಲ್ಲರೂ ಗಮನಿಸಿ. ಇವು ಮಾರಾಟದ ಮೀನುಗಳಲ್ಲ. ಇವು ಸ್ಥಳಾಂತರ ಹೊಂದುತ್ತಿವೆ. ರಸ್ತೆಯಲ್ಲಿರುವ ಮೀನನ್ನು ಹಿಂದಿರುಗಿಸತಕ್ಕದ್ದು," ಎಂದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಅವರ ಹಳೆಯ ವಿದ್ಯಾರ್ಥಿಗಳು. ತಂತಾನೆ ಸಾಲು ಸರಿಯಾಯಿತು. ಮೀನು ಕೈಯಿಂದ ಕೈಗೆ ದಾಟಿ ಟ್ಯಾಂಕಿಗೆ ಮರಳಿತು. ವಿಷಯ ತಿಳಿದ ಇಂದ್ರರು ಹೂವಿನ ಬುಟ್ಟಿ ಸಮೇತ ಪಿಕಪ್ ಹತ್ತಿ, "ನಾನೂ ಬರ್ತೇನೆ," ಎಂದರು.

ಹೊಳೆಯ ಆಳವಾದ ಮಡುವಿನ ಬಳಿ ಟ್ಯಾಂಕುಗಳನ್ನು ಇಳಿಸಿದೆವು. ಇಂದ್ರರು ಕಣ್ಣು ಮುಚ್ಚಿ ಮಂತ್ರ ಹೇಳಿದರು. ಇಬ್ರಾಯಿ ತಲೆಯ ಟೋಪಿ ಸರಿಮಾಡಿಕೊಂಡು ಕೈಕಟ್ಟಿ ನಿಂತ. ಟ್ಯಾಂಕು ವಾಲಿಸಿದಾಗ ಮರಿಗಳು ಬೆಳ್ಳಿಯ ಚೂರುಗಳ ಹಾಗೆ ಚದುರಿದವು, ಮುಗುಡುಗಳು ನಿಧಾನವಾಗಿ, ಗೌರವದಿಂದ, ಕತ್ತಲೆ ನೀರಿಗೆ ಇಳಿದವು. ನಮಗೆ ಕಂಡಮಟ್ಟಿಗೆ ಒಂದೂ ಸತ್ತಿರಲಿಲ್ಲ. ಯಜಮಾನರು ನನ್ನ ಕೈ ಹಿಡಿದುಕೊಂಡರು. ಕೈಗೆ ಮೀನಿನ ವಾಸನೆ ಇತ್ತು. ಬಿಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಬಾಬುವಿನ ತಂಡ ಮಳೆಗಾಲಕ್ಕೆ ಮೊದಲು ಹೂಳನ್ನೆಲ್ಲ ಎತ್ತಿ ಗದ್ದೆಗೆ ಹಾಕಿತು. ತಳದಲ್ಲಿ ಮುಚ್ಚಿಹೋಗಿದ್ದ ಒರತೆ ಕಣ್ಣು ಬಿಟ್ಟಿತು. ಮುಂದಿನ ಬೇಸಿಗೆಯಲ್ಲಿ ಸುತ್ತಲಿನ ಯಾವ ಬಾವಿಯೂ ಬತ್ತಲಿಲ್ಲ. ಜುಬೈದಾ ಕೊಡದ ಬದಲು ಒಂದು ದಿನ ತೆಂಗಿನಕಾಯಿ ಹಾಕಿದ ಸಿಹಿ ಹಿಡಿದುಕೊಂಡು ಬಂದಳು. ಮಾವ ಕೋಲೂರಿ ಬಂದು, ತುಂಬಿದ ಕೆರೆಯನ್ನು ಬಹಳ ಹೊತ್ತು ನೋಡಿ, "ನಾನು ಮಾಡಿಸಬೇಕೆಂದು ಇದ್ದವ. ಮೀನಿನ ಉಸಾಬರಿ ಯಾರಿಗೆ ಬೇಕು ಅಂತ ಬಿಟ್ಟೆ. ನೀನು ಗಟ್ಟಿಗಿತ್ತಿ," ಎಂದರು. ಅಂದು ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಮೊದಲ ಮಳೆಗೇ ತೋಡಿನಲ್ಲಿ ಹರಿಯುವ ನೀರು ಹತ್ತಿಕೊಂಡು ಹೊಸ ಮುಗುಡುಗಳು ತಾವಾಗಿಯೇ ಕೆರೆಗೆ ಬಂದು ಸೇರಿಕೊಂಡಿದ್ದವು ಎಂಬ ಸಂಗತಿಯನ್ನು ನಾನು ಮಾವನಿಗೆ ಹೇಳಲಿಲ್ಲ.

ಆ ವರ್ಷ ಮೂಡಬಿದ್ರೆಯಲ್ಲಿ ನೆಂಟರ ಮದುವೆಗೆ ಹೋದಾಗ, ನನ್ನ ಕೀರ್ತಿ ನನಗಿಂತ ಮೊದಲೇ ಛತ್ರಕ್ಕೆ ತಲುಪಿದೆ ಎಂದು ತಿಳಿಯಿತು. ಎಲ್ಲರೂ ತಿರುಗಿ ನೋಡುತ್ತಿದ್ದರು. ಗುರುತಿಲ್ಲದ ಒಬ್ಬ ಹೆಂಗಸು ಹತ್ತಿರ ಬಂದು, "ನೀವೇ ಅಲ್ವಾ ಕೆರೆಯ ವಿಜಯಕ್ಕ?" ಎಂದು ಕೇಳಿದರು.

ನಾನು ಸೀರೆಯ ಸೆರಗು ಸರಿಮಾಡಿಕೊಂಡು, ಆಸ್ತಿ ನಿರ್ವಹಣೆಯ ಬಗ್ಗೆ ನಾಲ್ಕು ಮಾತು ಹೇಳಲು ಸಿದ್ಧಳಾಗಿ, "ಹೌದು," ಎಂದೆ.

"ನಮ್ಮ ಬಾವಿಯಲ್ಲಿ ಒಂದು ಆಮೆ ಉಂಟು," ಎಂದರು ಅವರು. "ನೀವು ಬಂದು ಸಾಗಿಸಿ ಕೊಡ್ತೀರಂತಲ್ಲ?"

ಸರಿಮಾಡಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಆಮೇಲೆ, ಆಮೆ ಎಷ್ಟು ದೊಡ್ಡದು ಎಂದು ಕೇಳಿದೆ.