ಪಾಲಬಾವಿಯ ಶರ್ಯತ್ತಿನ ಕಾರು

೧೯೮೯ರಲ್ಲಿ ರಾಯಬಾಗ ತಾಲೂಕು ಪಾಲಬಾವಿಯ ಜನಸುಖ ವಾಹನ ಸಹಕಾರಿ ಸಂಘವು, ಹೆರಿಗೆಯ ಹೆಣ್ಣುಮಕ್ಕಳನ್ನು ರಾಯಬಾಗದ ಆಸ್ಪತ್ರೆಗೆ ಮುಟ್ಟಿಸುವ ಸದುದ್ದೇಶದಿಂದ ಒಂದು ಹಳೆಯ ಕಾರನ್ನು ಖರೀದಿಸಿತು. ಅದು ಇಂದಿನವರೆಗೆ ಯಾರನ್ನೂ ಆಸ್ಪತ್ರೆಗೆ ಮುಟ್ಟಿಸಿಲ್ಲವೆಂದು ಕೆಲವರು ಆಡಿಕೊಳ್ಳುತ್ತಾರೆ. ಹಾಗೆ ಆಡಿಕೊಳ್ಳುವವರು ಸಂಘದ ಸದಸ್ಯರಲ್ಲವಾದ್ದರಿಂದ ಅವರ ಮಾತನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ.

ಕಾರು ಬೇಕೆಂದು ಮೊದಲು ಕೇಳಿದವಳು ಮಲಕವ್ವ. ಹಿಂದಿನ ವರ್ಷ ಅವಳ ಸೊಸೆ ತಾರವ್ವನನ್ನು ಎತ್ತಿನ ಚಕ್ಕಡಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗ ಕೂಸು ದಾರಿಯಲ್ಲೇ ತೀರಿಕೊಂಡಿತ್ತು. ಈಗ ತಾರವ್ವ ಮತ್ತೆ ಬಸುರಾಗಿದ್ದಳು. "ಇದೊಂದ ಕೂಸರ ಉಳೀಲಿ, ಒಂದ ಗಾಡಿ ತರ್ರೆಪಾ" ಎಂದು ಮಲಕವ್ವ ಸಂಘದ ಕಟ್ಟೆಯ ಮೇಲೆ ಕೂತು ಅತ್ತಳು. ಅವಳನ್ನು ಅಲ್ಲಿಂದ ಎಬ್ಬಿಸಲು ಬೇರೆ ದಾರಿ ಕಾಣದೆ ಆಡಳಿತ ಮಂಡಳಿಯು ಠರಾವು ಪಾಸು ಮಾಡಿತು.

ಖರೀದಿಗೆಂದು ನಿಪ್ಪಾಣಿಗೆ ಹೋದವರು ಅಧ್ಯಕ್ಷರಾದ ಕಾಡಸಿದ್ದರು ಮತ್ತು ಸಂಘದ ಚಾಲಕ ದಾವಲಸಾಬ. ಕಾಡಸಿದ್ದರಿಗೆ ಕಾರಿನ ಗಂಧಗಾಳಿ ಇರಲಿಲ್ಲ. ಆದರೆ ಎತ್ತಿನ ಗಾಡಿ ಓಟದ ಶರ್ಯತ್ತಿನಲ್ಲಿ ಅವರ ಜೋಡಿ ಅಥಣಿ, ಕಾಗವಾಡದ ತನಕ ಹೆಸರು ಮಾಡಿತ್ತು. ಅನುಭವ ಎಂದರೆ ಅನುಭವ. ಅದಕ್ಕೆ ನಾಲ್ಕು ಕಾಲೋ ನಾಲ್ಕು ಗಾಲಿಯೋ ಎಂದು ಯಾರೂ ಕೇಳಲಿಲ್ಲ.

ಹಳೆ ಗಾಡಿಗಳ ವ್ಯಾಪಾರಿ ಅಣ್ಣಾಸಾಬ ತೋರಿಸಿದ ಕಾರಿಗೆ ಹಿಂದಿನ ಸೀಟು ಇರಲಿಲ್ಲ, ಎಡಗಡೆಯ ಬಾಗಿಲು ಇರಲಿಲ್ಲ, ಹಾರ್ನ್ ಇರಲಿಲ್ಲ. ಸಪ್ಪಳ ಮಾತ್ರ ಬೇಕಾದಷ್ಟಿತ್ತು. ಏನು ಹೇಳಬೇಕೆಂದು ತೋಚದೆ ಅಣ್ಣಾಸಾಬ, "ಇದು ಮುಂಬಯಿ ರೇಸಿನ್ಯಾಗ ಓಡಿದ ಗಾಡಿರಿ" ಎಂದುಬಿಟ್ಟ. ಅಲ್ಲಿಂದ ಮುಂದೆ ಅವನು ಬಾಯಿ ತೆರೆಯುವ ಪ್ರಸಂಗ ಬರಲಿಲ್ಲ.

"ಅದಕ್ಕ ಬಾಗಲಾ ಇಲ್ಲ ನೋಡ" ಎಂದು ಅಧ್ಯಕ್ಷರು ದಾವಲಸಾಬನಿಗೆ ತಿಳಿಸಿ ಹೇಳಿದರು. "ಶರ್ಯತ್ತಿನ ಗಾಡಿಗೆ ನಾವು ಮಗ್ಗಲ ಹಲಗಿ ಕಟ್ಟತೀವೇನು? ಹಗರ ಇದ್ದಷ್ಟ ಓಟ."

"ಬ್ರೇಕ ಹತ್ತವಲ್ದರಿ ಸಾಹೇಬ್ರ."

"ಗೆಲ್ಲೂ ಗಾಡಿಗೆ ನಿಂದರೂ ಕೆಲಸಾ ಏನೈತಲೇ?"

ತನ್ನ ಮಾಲಿನಲ್ಲಿ ಇಷ್ಟೊಂದು ಗುಣವಿದ್ದದ್ದು ತನಗೇ ಗೊತ್ತಿರಲಿಲ್ಲವಲ್ಲ ಎಂದು ಮರುಗಿ ಅಣ್ಣಾಸಾಬ ಅಲ್ಲಿಯೇ ಬೆಲೆ ಏರಿಸಿದ. ಅಧ್ಯಕ್ಷರು ಸಂತೋಷದಿಂದ ಕೊಟ್ಟರು. ಹಣ ಸಂಘದ್ದಾಗಿತ್ತು.

ಶರ್ಯತ್ತಿನ ಎತ್ತುಗಳನ್ನು ಯಾರೂ ನಡೆಸಿಕೊಂಡು ಹೋಗುವುದಿಲ್ಲ, ಟೆಂಪೋದಲ್ಲಿ ಒಯ್ಯುತ್ತಾರೆ. ಆದ್ದರಿಂದ ಕಾರೂ ಟೆಂಪೋದಲ್ಲಿ ಬಂತು. ಮರುದಿನ ಊರಲ್ಲಿ ಡಂಗುರ ಸಾರಲಾಯಿತು:

"ಕೇಳ್ರೆಪ್ಪೋ ಕೇಳ್ರಿ! ಸಂಘದ ಕಾರು ಶರ್ಯತ್ತಿನ ಜಾತೀದೈತಿ. ಶರ್ಯತ್ತಿನ ಎತ್ತಿಗೆ ನೇಗಲಾ ಹೂಡೂದಿಲ್ಲ, ಹಂಗ ಈ ಕಾರನ್ನ ರಸ್ತೇಕ ಓಡಸೂದಿಲ್ಲ. ಓಡಿಸಿದರ ಓಟ ಕಡಿಮಿ ಆಗತೈತಿ. ದಿನಾ ಮುಂಜಾನೆ ಅದರ ಮೈ ತೊಳದ ಎಣ್ಣಿ ತಿಕ್ಕಾಕ ಆಳ ನೇಮಿಸೇತಿ!"

ನೇಮಕವಾದ ಆಳು ಅಧ್ಯಕ್ಷರ ಅಳಿಯನಾಗಿದ್ದದ್ದು ಯೋಗಾಯೋಗ.

ಸರ್ವಸಾಧಾರಣ ಸಭೆಯಲ್ಲಿ ಮಲಕವ್ವ ಎದ್ದು ನಿಂತಳು. "ಓಡಸೂದ ಇಲ್ಲಂದ್ರ ನಮಗೇನ ಉಪಯೋಗರಿ?"

"ರೇಸಿನ್ಯಾಗ ಕಂಡ ಹಿಡದದ್ದು ಸಾವಕಾಶ ಸಾದಾ ಗಾಡಿಗೆ ಇಳೀತೈತಿ" ಎಂದರು ಅಧ್ಯಕ್ಷರು. "ಶರ್ಯತ್ತಿನ ಎತ್ತಿನ ರಗತ ಅದರ ಕರಕ್ಕ ಇಳಿಯೂದಿಲ್ಲೇನವಾ?"

"ಎತ್ತಿಗೆಲ್ಲಿ ಕರಾ ಹುಟ್ಟತಾವೋ ಯಪ್ಪಾ?"

ಪ್ರಶ್ನೆಯು ತಾಂತ್ರಿಕವಾದ್ದರಿಂದ ಅದನ್ನು ತಾಂತ್ರಿಕ ಉಪಸಮಿತಿಗೆ ಒಪ್ಪಿಸಲಾಯಿತು. ಉಪಸಮಿತಿಯಲ್ಲಿ ಅಧ್ಯಕ್ಷರೊಬ್ಬರೇ ಇದ್ದರು.

ಉಪಸಮಿತಿಯ ವರದಿ ಬರುವ ಮೊದಲೇ, ಒಂದು ಮಧ್ಯಾಹ್ನ, ತಾರವ್ವನಿಗೆ ಬೇನೆ ಶುರುವಾಯಿತು. ಮಲಕವ್ವ ಓಡಿಬಂದು ಅಧ್ಯಕ್ಷರ ಕಾಲು ಹಿಡಿದಳು. ಕಾರನ್ನು ಓಡಿಸಬಾರದೆಂದು ನಿಯಮವಿದೆ, ಎಳೆಯಬಾರದೆಂದು ಎಲ್ಲಿಯೂ ಇಲ್ಲ ಎಂದು ಅಧ್ಯಕ್ಷರು ಉದಾರವಾಗಿ ಅರ್ಥ ಮಾಡಿದರು. ಅವರ ಜೋಡಿ ಶರ್ಯತ್ತಿನದಾದ್ದರಿಂದ ಎಳೆಯುವ ಕೆಲಸ ಮಲಕವ್ವನ ಬಡಕಲು ಎತ್ತುಗಳಿಗೆ ಬಂತು.

"ಎತ್ತೂ ನಮ್ಮೂವ, ಚಕ್ಕಡೀನೂ ಮನ್ಯಾಗೈತಿ. ನಡುವ ಕಾರ ಯಾಕ್ರಿ?"

"ಚಕ್ಕಡಿಗೆ ಸಂಘದ ಮಂಜೂರಿ ಇಲ್ಲವಾ."

ಚಕ್ಕಡಿಯ ನೆನಪಾದರೆ ಮಲಕವ್ವನಿಗೆ ಹೋದ ಕೂಸೇ ಕಣ್ಣಿಗೆ ಕಟ್ಟುತ್ತಿತ್ತು. ಒಪ್ಪಿದಳು.

ಸೀಟಿಲ್ಲದ ಜಾಗದಲ್ಲಿ ಗೋಣಿಚೀಲ ಹಾಸಿ ತಾರವ್ವನನ್ನು ಮಲಗಿಸಿ, ಪಕ್ಕದಲ್ಲಿ ಮಲಕವ್ವ ಕೂತಳು. ಮುಂದೆ ದಾವಲಸಾಬನ ಮಗ್ಗುಲಿಗೆ ಅಧ್ಯಕ್ಷರು ಪದನಿಮಿತ್ತ ಕೂತರು. ಇದನ್ನು ಬರೆಯುತ್ತಿರುವ ಈ ವರದಿಗಾರ ಸೈಕಲ್ಲಿನಲ್ಲಿ ಹಿಂದೆ ಹೊರಟ. ಹಳ್ಳದ ಇಳಿಜಾರು ಬಂದಾಗ ಕಾರು ತಾನೇ ಉರುಳಿ ಎತ್ತುಗಳ ಹಿಂಗಾಲಿಗೆ ಹಾಯಿತು. ಜನ್ಮದಲ್ಲಿ ಓಡದ ಆ ಎತ್ತುಗಳು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದವು. ದಾವಲಸಾಬ ಕರ್ತವ್ಯವೆಂದು ಸ್ಟೇರಿಂಗು ತಿರುಗಿಸುತ್ತಿದ್ದ. "ಹುರ್ರಾ! ಹುರ್ರಾ!" ಎಂದು ಅಧ್ಯಕ್ಷರು ಹಳೆಯ ರೂಢಿಯಲ್ಲಿ ಕೂಗುತ್ತಿದ್ದರು. ಬಾಗಿಲಿಲ್ಲದ ಕಡೆಯಿಂದ ತಾರವ್ವ ಹೊರಗೆ ಬೀಳದಂತೆ ಮಲಕವ್ವ ಅವಳನ್ನು ಅವುಚಿಕೊಂಡಿದ್ದಳು.

ಹಳ್ಳದ ಉಸುಕಿನಲ್ಲಿ ಗಾಲಿ ಹೂತು ಕಾರು ನಿಂತಿತು. "ಇಳಸ್ರೇ ಯವ್ವಾ, ಇದರಾಗ ನಾ ಒಲ್ಲೆ" ಎಂದು ತಾರವ್ವ ತಾನೇ ಇಳಿದು, ಜಾಲಿಗಿಡದ ನೆರಳಿನಲ್ಲಿ, ಅತ್ತೆಯ ಕೊರಳು ಹಿಡಿದು ಹಡೆದಳು. ಕೂಸು ಅತ್ತಿತು. ಅದು ಅಳುವುದನ್ನು ಕೇಳಿ ಮಲಕವ್ವನೂ ಅತ್ತಳು. ಈ ವರದಿಗಾರನ ಕಣ್ಣುಗಳೂ ತುಂಬಿದವು. ಇದು ವರದಿಗೆ ಸಂಬಂಧಪಡದ ವಿಷಯ.

ಅಧ್ಯಕ್ಷರು ಅಲ್ಲಿಯೇ ಉಪಸಮಿತಿಯ ಸಭೆ ಕರೆದು ತೀರ್ಮಾನ ಕೊಟ್ಟರು. "ಸಾದಾ ಕಾರಿನ್ಯಾಗ ಹೋದವ್ರು ಆಸ್ಪತ್ರಿ ಮುಟ್ಟಿದ ಮ್ಯಾಲ ಹಡೀತಾರ. ನಮ್ಮ ಗಾಡ್ಯಾಗ ಅರ್ಧಾ ಹಾದ್ಯಾಗ ಮುಗೀತು. ರೇಸಿನ ಉಪಯೋಗ ಇದಕ್ಕಿಂತ ಇನ್ನೇನ ಬೇಕು?"

ತೀರ್ಮಾನವನ್ನು ಮುಂದಿನ ಸಭೆ ಸರ್ವಾನುಮತದಿಂದ ಒಪ್ಪಿತು. ಮಲಕವ್ವನೂ ಕೈ ಎತ್ತಿದಳು. ತೊಡೆಯ ಮೇಲೆ ಜೀವಂತ ಮೊಮ್ಮಗನನ್ನು ಇಟ್ಟುಕೊಂಡು ವಿರೋಧಿಸಲು ಅವಳಿಗೆ ಕಾರಣ ಸಿಗಲಿಲ್ಲ.

ಈಗ ವಿಧಾನವನ್ನು ಇನ್ನಷ್ಟು ಸುಧಾರಿಸಲಾಗಿದೆ. ಹಳ್ಳದ ತನಕ ಹೋಗುವುದೂ ಬೇಕಿಲ್ಲ; ಬೇನೆ ತಿನ್ನುವವಳ ಮನೆ ಮುಂದೆ ಕಾರನ್ನು ತಳ್ಳಿಕೊಂಡು ಬಂದು ನಿಲ್ಲಿಸಿದರೆ ಸಾಕು. ಕೆಲವರಿಗೆ ಅದರಿಂದಲೂ ಗುಣ ಕಾಣುವುದಿಲ್ಲ. ಅಂಥ ಪ್ರಸಂಗದಲ್ಲಿ ಕಾರಿನದೇನೂ ತಪ್ಪಿಲ್ಲವೆಂದು ಮನೆಯವರಿಂದ ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಗುತ್ತದೆ.

ಮೊನ್ನೆ ಸಕ್ಕುಬಾಯಿಯ ಮನೆ ಮುಂದೆ ಕಾರು ನಿಂತಿತು. ಅಧ್ಯಕ್ಷರು ಬಾಗಿಲಿಗೆ ಹೋಗಿ, "ಗಾಡಿ ಬಂದೈತಿ, ಏರತಿಯೇನವಾ?" ಎಂದು ಕೇಳಿದರು.

"ಬ್ಯಾಡ್ರಿ ಯಪ್ಪಾ! ತುಸು ತಡೀರಿ, ಇಲ್ಲೇ ಹಡೀತೀನಿ!" ಎಂದು ಒಳಗಿಂದ ಸಕ್ಕುಬಾಯಿ ಚೀರಿದಳು.

ತುಸು ಹೊತ್ತಿನಲ್ಲಿ ಕೂಸಿನ ದನಿ ಕೇಳಿಸಿತು. ನೆರೆದ ಜನ ಸೀಟಿ ಹೊಡೆದು, ಶರ್ಯತ್ತು ಗೆದ್ದ ಎತ್ತಿಗೆ ಹಚ್ಚುವಂತೆ, ಕಾರಿನ ಬಾನೆಟ್ಟಿಗೆ ಗುಲಾಲು ಹಚ್ಚಿದರು.