ಮೋರಿ ಹಿಡಿಯಲು ಹೊರಟ ನಮ್ಮತ್ತಿ

ನಮ್ಮತ್ತಿಯಷ್ಟು ದೊಡ್ಡ ಪಾಪಿ ಇಡೀ ಜಮಖಂಡಿಯಲ್ಲಿ ಇನ್ನೊಬ್ಬಳಿಲ್ಲ ಎಂದು ನಮ್ಮ ಓಣಿಯ ಹಿರಿಯರು ಒಮ್ಮತದಿಂದ ತೀರ್ಮಾನಿಸಿದ್ದಾರೆ. ಅವಳಷ್ಟು ದೊಡ್ಡ ಪುಣ್ಯವಂತೆಯೂ ಇನ್ನೊಬ್ಬಳಿಲ್ಲ ಎಂದು ಕೃಷ್ಣಾ ನದಿಯ ಮೀನುಗಳು ತೀರ್ಮಾನಿಸಿರಬೇಕು. ಆದರೆ ಹೇಳುವುದು ಹೇಗೆ? ಪಾಪ, ಬಾಯಿಯಲ್ಲಿ ನಮ್ಮತ್ತಿಯ ಗಾಳ ಇರುತ್ತದಲ್ಲ!

ಅತ್ತಿ ಎಂದರೆ ನನ್ನ ಅಪ್ಪನ ತಂಗಿ. ವಯಸ್ಸು ಎಪ್ಪತ್ತರ ಆಚೀಚೆ. ಕೇಳಿದರೆ ಈಚೆಯದನ್ನಷ್ಟೇ ಹೇಳುತ್ತಾಳೆ. ಬೆಳಿಗ್ಗೆ ಎದ್ದರೆ ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಪೂಜೆ ಮುಗಿಯುವ ತನಕ ತೊಟ್ಟು ನೀರೂ ಇಲ್ಲ. ನಮ್ಮದು ಮೊಟ್ಟೆ ಎಂಬ ಶಬ್ದ ಬಾಯಿಗೆ ಬಂದರೂ ಬಾಯಿ ಮುಕ್ಕಳಿಸುವಂಥ ಮನೆ. ಇಂಥ ಮನೆಯ ಹೆಣ್ಣುಮಗಳು ಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು, ಸೆರಗು ಬಿಗಿದು ಹೊರಡುವುದು ಎಲ್ಲಿಗೆ? ಹೊಳೆಗೆ, ಮೀನು ಹಿಡಿಯಲು!

ಈ ಚಟ ಹತ್ತಿದ್ದು ಗಂಡನ ಮನೆಯಲ್ಲಿ. ಅವಳನ್ನು ಕೊಟ್ಟದ್ದು ಬೀಳಗಿ ಕಡೆ. ಅಣೆಕಟ್ಟಿನ ಹಿನ್ನೀರು ಏರುತ್ತ ಏರುತ್ತ ಬಂದು ಅವರ ಹೊಲದ ಬದುವಿಗೆ ನಿಂತಾಗ ಮನೆಮಂದಿಯೆಲ್ಲ ತಲೆಯ ಮೇಲೆ ಕೈಹೊತ್ತು ಕೂತರಂತೆ. ಅತ್ತಿ ಮಾತ್ರ ಒಂದು ಕೋಲಿಗೆ ದಾರ ಕಟ್ಟಿ ಗಾಳ ಹಾಕಿಕೊಂಡು ಕೂತಳು. "ಹೊಲದಾಗಿಂದ ಏನರ ಬರಬೇಕಲ್ಲ!" ಅಂದಳಂತೆ. ಬಂದದ್ದನ್ನು ಮನೆಯೊಳಗೆ ತರುವಂತಿಲ್ಲ, ತಿನ್ನುವ ಮಾತಂತೂ ದೂರ. ಹಾಗಾಗಿ ಹಿಡಿದ ಮೀನನ್ನು ನೋಡಿ, ನಾಲ್ಕು ಮಾತಾಡಿಸಿ, ನೀರಿಗೆ ಬಿಡುವ ಪದ್ಧತಿ ಶುರುವಾಯಿತು. ಬರಿದೇ ಬಿಡುವುದಲ್ಲ. ಸೊಂಟದ ಸಂಚಿಯಿಂದ ಚಿಟಿಕೆ ಅರಿಶಿಣ ತೆಗೆದು ಗಾಳ ಚುಚ್ಚಿದ ಜಾಗಕ್ಕೆ ಒತ್ತುತ್ತಾಳೆ. ಆಮೇಲೆ, "ಹೋಗವ್ವಾ, ಎರಡ ದಿನ ನೀರ ತಾಗಸಬ್ಯಾಡ" ಎಂದು ಮೀನಿಗೆ ತಿಳಿಸಿ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ!

ಮಾವ ತೀರಿಕೊಂಡ ಮೇಲೆ ಅತ್ತಿ ನಮ್ಮ ಮನೆಗೆ ಬಂದಳು. ಹಿಂದೆಯೇ ಗಾಳದ ಕೋಲೂ ಬಂತು. ಬೀಗರು, ನೆಂಟರು ಬುದ್ಧಿ ಹೇಳಿ ಸೋತರು. ಮುಧೋಳದಿಂದ ಬಂದ ನಮ್ಮ ಬೀಗರೊಬ್ಬರು, "ಶರಣರ ಮನಿತನದಾಗ ಹುಟ್ಟಿ ಇದೆಂಥಾ ಹಿಂಸಾ ಮಾಡತೀರಿ ಅಕ್ಕಾರ?" ಎಂದು ಕೇಳಿಯೇಬಿಟ್ಟರು. ಅತ್ತಿ ಸುಮ್ಮನಿದ್ದಾಳೆಯೇ? "ನಿಮ್ಮೂರಾಗ ನಾಯಿ ಸಾಕಿ, ಮೊಲದ ಹಿಂದ ಓಡಿಸಿ, ಅದರ ಫೋಟೋ ಗ್ವಾಡಿಗೆ ಹಾಕತೀರಿ. ಅದು ಶೌರ್ಯ. ನಾ ಮೀನಕ್ಕ ಔಷಧ ಹಚ್ಚಿ ಮನಿಗೆ ಕಳಸತೇನಿ. ಇದು ಹಿಂಸಾ ಏನ್ರಿ?" ಬೀಗರು ಚಹಾ ಕುಡಿಯದೇ ಎದ್ದರು.

ಎರಡು ವರ್ಷದ ಹಿಂದೆ ಅತ್ತಿಯ ಬಲಗೈ ನಡುಗಲು ಶುರುವಾಯಿತು. ಸುಮ್ಮನೆ ಕೂತಾಗ ತನ್ನಷ್ಟಕ್ಕೆ ತಾನೇ ಅಲುಗುತ್ತದೆ. ನಾವೆಲ್ಲ ಗಾಬರಿಯಾದರೆ ಅತ್ತಿ ಅದರಲ್ಲೂ ಲಾಭ ಕಂಡುಕೊಂಡಳು. ಕೈ ನಡುಗಿದರೆ ಕೋಲು ನಡುಗುತ್ತದೆ, ಕೋಲು ನಡುಗಿದರೆ ನೀರಿನೊಳಗೆ ಹಿಟ್ಟಿನ ಉಂಡೆ ಜೀವ ಬಂದಂತೆ ಕುಣಿಯುತ್ತದೆ, ಮೀನು ಓಡೋಡಿ ಬರುತ್ತವೆ! "ಕೈಗೆ ಮೋಟಾರ ಕುಂದರಿಸ್ಯಾನ ನೋಡ ಶಿವ" ಎಂದು ಬಂದವರಿಗೆಲ್ಲ ಹೇಳಿದಳು.

ಬಾಗಲಕೋಟೆಯ ಡಾಕ್ಟರು ಮಾತ್ರ ನಗಲಿಲ್ಲ. ಮಾತ್ರೆ ಬರೆದು, ಮೆತ್ತಗೆ, "ಅಮ್ಮಾರ, ಬರಬರತಾ ಹಿಡಿತ ಕಡಿಮಿ ಆಗತೈತಿ. ಮುಂದಿನ ವರ್ಷ ಕೋಲು ಹಿಡಿಯೂದು ಕಷ್ಟ ಆಗಬಹುದು" ಅಂದರು. ಅತ್ತಿ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಂದ್ರ ಈ ವರ್ಷ ಐತಿ ಅಂದಂಗಾತು" ಎಂದಳು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತೀರ್ಮಾನ ಆಗಿತ್ತು. ಈ ಕೈ ಇರುವಷ್ಟರಲ್ಲಿ ಒಂದು ದೊಡ್ಡದನ್ನು ಹಿಡಿಯಬೇಕು. ಎಷ್ಟು ದೊಡ್ಡದು? ಶಾರ್ಕು!

ನೀವು ನಗಬಹುದು. ನಾನೂ ನಕ್ಕೆ. ನಮಗೆ ತಿಳಿಯದ ಸಂಗತಿ ಎಂದರೆ, ಅತ್ತಿಗೆ ಆಗಲೇ ಫೋನಿನಲ್ಲಿ ಕಾರವಾರದ ಒಬ್ಬ ಹುಡುಗಿಯ ಗೆಳೆತನವಾಗಿತ್ತು. ಕಾಲೇಜು ಮುಗಿಸಿ ಅಪ್ಪನ ಬೋಟಿನಲ್ಲಿ ಸಮುದ್ರಕ್ಕೆ ಹೋಗಿ, ದೊಡ್ಡ ದೊಡ್ಡ ಮೀನು ಹಿಡಿದು, ವಿಡಿಯೋ ಮಾಡಿ ಮತ್ತೆ ನೀರಿಗೆ ಬಿಡುವ ಹುಡುಗಿ. ಬಿಡುತ್ತಾಳೆ ಎಂಬುದೇ ಅತ್ತಿಗೆ ಹಿಡಿಸಿದ್ದು. ದಿನಾ ಅವಳಿಗೆ ಧ್ವನಿ ಸಂದೇಶ ಕಳಿಸುತ್ತಿದ್ದಳು. "ಅರಿಶಿಣ ಯಾಕ ಹಚ್ಚಲಿಲ್ಲವಾ ಯವ್ವಾ?" ಎಂಬುದು ಮೊದಲ ಸಂದೇಶ.

ಒಂದು ಸಂಜೆ ಫೋನು ಬಂತು. ಅತ್ತಿಗೆ ಕಿವಿ ಸ್ವಲ್ಪ ಮಂದ, ಹೀಗಾಗಿ ಸ್ಪೀಕರ್ ಹಾಕಿಯೇ ಮಾತು. ಕಟ್ಟೆಯ ಮೇಲೆ ಕೂತಿದ್ದ ಓಣಿಯೆಲ್ಲ ಕೇಳುವಂತೆ ಹುಡುಗಿಯ ದನಿ: "ಅಮ್ಮಾ, ಈಗ ಮೋರಿ ಬೇಕಾದಷ್ಟು ಉಂಟು. ಮೋರಿ ಹಿಡೀಲಿಕ್ಕೆ ಬನ್ನಿ!"

ನಾನು ತಡೆಯಲಾರದೆ, "ಮೋರಿ ಹಿಡಿಯಾಕ ಕಾರವಾರಕ್ಕ ಯಾಕ ಹೋಗಬೇಕ ಅತ್ತಿ? ನಮ್ಮ ಮನಿ ಮುಂದಿಂದ ಉಕ್ಕಿ ಹರಿಯಾಕತ್ತೈತಿ!" ಅಂದೆ. ಆ ಕಡೆ ಕೊಂಕಣಿಯಲ್ಲಿ ಶಾರ್ಕಿಗೆ ಮೋರಿ ಅನ್ನುತ್ತಾರೆಂದು ನನಗೇನು ಗೊತ್ತು? ನಮಗೆ ಮೋರಿ ಎಂದರೆ ಚರಂಡಿ. ಓಣಿಗೂ ಅಷ್ಟೇ ಗೊತ್ತಿತ್ತು. ಮರುದಿನದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿ, ಕಾರವಾರದಿಂದ ಯಾರೋ ಮೇಡಂ ನಮ್ಮ ಮೋರಿಯ ವಿಡಿಯೋ ಮಾಡಲು ಬರುತ್ತಾಳೆ ಎಂದಾಯಿತು. ವಾರ್ಡಿನ ಮೆಂಬರು ಏದುಸಿರು ಬಿಡುತ್ತ ಬಂದರು. "ಆಯೀ, ಹೊರಗಿನ ಮಂದಿ ಯಾಕ್ರಿ? ನಾವಿಲ್ಲೇನ್ರಿ?" ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದ ಮೋರಿ ಅದೇ ವಾರ ಸ್ವಚ್ಛವಾಯಿತು. ಅತ್ತಿಯನ್ನು ಪಾಪಿ ಎಂದವರೇ ಈಗ ಅವಳು ಕಾರವಾರಕ್ಕೆ ಹೋಗಲೇಬೇಕು ಎಂದು ಹರಸಿದರು.

ಅವಳ ಜೊತೆಗೆ ಯಾರು? ಬಕೆಟ್ಟಿನ ನೀರಿಗೂ ಹೆದರುವ ನಾನು! ಮುಧೋಳ, ಲೋಕಾಪುರ ದಾಟಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು ಕಾರವಾರ ಸೇರಿದೆವು. ಸಮುದ್ರ ಕಂಡ ಕೂಡಲೇ ಅತ್ತಿ ಸೆರಗು ತಲೆಗೆಳೆದು ಕೈಮುಗಿದಳು. ಆಮೇಲೆ ಮುಖ ಗಂಟು ಹಾಕಿ, "ಇಷ್ಟ ನೀರ ಐತಿ, ಒಂದ ಎಕರೆ ಕಬ್ಬಿಗೂ ಉಪಯೋಗ ಇಲ್ಲ!" ಎಂದು ಬೇಸರಪಟ್ಟಳು.

ಮರುದಿನ ಬೆಳಿಗ್ಗೆ ಬೋಟು ಹೊರಟಿತು. ಎಂಜಿನ್ನು ಹುಡುಗಿಯ ಅಪ್ಪನ ಕೈಯಲ್ಲಿ, ಉಳಿದದ್ದೆಲ್ಲ ಹುಡುಗಿಯ ಕೈಯಲ್ಲಿ. ದಡ ಗೆರೆಯಷ್ಟು ತೆಳ್ಳಗಾಗುವ ಹೊತ್ತಿಗೆ ನಾನು ಬೋಟಿನ ಅಂಚಿಗೆ ಜೋತುಬಿದ್ದು ಬೆಳಗಿನ ಉಪ್ಪಿಟ್ಟನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದೆ. ಅತ್ತಿ ಬೆನ್ನು ಸವರುತ್ತ, "ಛಲೋ ಆತು, ಮೀನ ಇದರ ವಾಸನಿಗೆ ಬರತಾವು. ಇನ್ನೊಂದೀಟ ಮಾಡ" ಅಂದಳು. ಸ್ವಂತ ಸೋದರಳಿಯನಿಗೆ ಹೇಳುವ ಮಾತೇ ಇದು?

ಹುಡುಗಿ ಅಪ್ಪನಿಗೆ ಬೋಟು ನಿಲ್ಲಿಸಲು ಹೇಳಿ ಬಂಗಡೆ ಮೀನಿನ ತುಂಡು ತೆಗೆದಳು. ಅತ್ತಿ ಮೂಗು ಮುಚ್ಚಿಕೊಂಡು ತನ್ನ ಸ್ಟೀಲ್ ಡಬ್ಬಿ ತೆರೆದಳು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಬೆಲ್ಲ ಕಲಸಿದ ಉಂಡೆಗಳು!

"ಅಮ್ಮಾ, ಮೋರಿ ರೊಟ್ಟಿ ಹಿಟ್ಟು ತಿನ್ನೂದಿಲ್ಲ."

"ಯಾರರ ಹಾಕಿ ನೋಡೀರೇನು?"

ನಿಜಕ್ಕೂ ಯಾರೂ ಹಾಕಿ ನೋಡಿರಲಿಲ್ಲ. ಹುಡುಗಿ ಉಂಡೆ ಚುಚ್ಚಿ ನೀರಿಗೆ ಹಾಕಿದಳು. ಬಹಳ ಹೊತ್ತು ಕಾದೆವು. ಬೆರಳುದ್ದದ ಮರಿಮೀನುಗಳು ಬಂದು ಮದುವೆ ಊಟದಂತೆ ಉಂಡು ಹೋದವು. ಶಾರ್ಕಿನ ಸುಳಿವಿಲ್ಲ. ಬಿಸಿಲು ಏರಿತು. ನನಗೆ ಭಯವಾಯಿತು. ಬರಿಗೈಯಲ್ಲಿ ಹೋದರೆ ಮುಂದಿನ ವರ್ಷ ಬರೋಣ ಎಂದು ಸಮಾಧಾನ ಹೇಳುವ ಹಾಗೂ ಇರಲಿಲ್ಲ. ಕಡೆಗೆ ಅತ್ತಿಯೇ, "ಹಾಕವಾ ನಿಂದ. ಅದರ ಊಟ ಅದಕ್ಕ" ಎಂದು ಆ ಕಡೆ ಮುಖ ತಿರುಗಿಸಿದಳು. ಹುಡುಗಿ ಬಂಗಡೆ ಚುಚ್ಚಿ ನೀರಿಗೆ ಬಿಟ್ಟು, ಕೋಲನ್ನು ಅವಳ ಕೈಗಿತ್ತಳು. ಕೈ ತನ್ನ ಪಾಡಿಗೆ ನಡುಗುತ್ತಿತ್ತು.

"ಅಮ್ಮಾ, ಎಷ್ಟು ಚಂದ ಆಡಿಸ್ತೀರಿ! ನನಗೂ ಕಲಿಸಿ" ಅಂದಳು ಹುಡುಗಿ.

ಅತ್ತಿ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿತು!

ದಾರ ಸರ್ರೆಂದು ಓಡತೊಡಗಿತು. ಹುಡುಗಿ ಅತ್ತಿಯ ಇಳಕಲ್ ಸೀರೆಯ ಮೇಲೆಯೇ ಬೆಲ್ಟು ಬಿಗಿದು ಕೋಲಿನ ಬುಡವನ್ನು ಅದರಲ್ಲಿ ಸಿಕ್ಕಿಸಿದಳು. ನಾನು ಹಿಂದಿನಿಂದ ಸೊಂಟ ಹಿಡಿದೆ. ಅತ್ತಿಯನ್ನು ಉಳಿಸಲೋ, ನಾನು ಉಳಿಯಲೋ, ಹೇಳಲಾರೆ.

"ನಾನು ಸ್ವಲ್ಪ ಹೊತ್ತು ಹಿಡೀಲಾ ಅಮ್ಮ?"

"ಮುಟ್ಟೀಯಂದ್ರ ನೋಡ ಮತ್ತ!"

"ಸರಿ ಸರಿ. ಅದು ಎಳೆದಾಗ ಬಿಡಿ, ದಣಿದು ನಿಂತಾಗ ಸುತ್ತಿಕೊಳ್ಳಿ."

"ನನಗ ಹೇಳತೀಯೇನು? ಗಂಡನ ಮನ್ಯಾಗ ಜೀವಮಾನ ಪೂರ್ತಿ ಅದನ್ನ ಮಾಡೇನಿ!"

ಹುಡುಗಿಯ ಅಪ್ಪ ನಕ್ಕ ರಭಸಕ್ಕೆ ಬೋಟೇ ಅಲುಗಿತು. ಅದು ಎಳೆಯಿತು, ಅತ್ತಿ ಬಿಟ್ಟಳು. ಅದು ನಿಂತಿತು, ಅತ್ತಿ ಸುತ್ತಿದಳು. ಬೆವರಿಗೆ ವಿಭೂತಿ ಕರಗಿ ಮೂಗಿಗಿಳಿಯಿತು. ಆಗ ನಾನು ಆ ಕೈಯನ್ನು ನೋಡಿದೆ. ನಡುಕ ಇರಲೇ ಇಲ್ಲ. ಚಿಕ್ಕವನಿದ್ದಾಗ ನನ್ನನ್ನು ಎತ್ತಿ ತೊಟ್ಟಿಯೊಳಗೆ ಅದ್ದಿ ಮೈ ತಿಕ್ಕುತ್ತಿದ್ದ ಕೈ ಅದೇ, ಹಾಗೆಯೇ ಗಟ್ಟಿಯಾಗಿತ್ತು.

ಕೊನೆಗೂ ಅದು ಬೋಟಿನ ಪಕ್ಕ ತೇಲಿತು. ನನ್ನ ಎದೆಮಟ್ಟದಷ್ಟು ಉದ್ದ, ಮೈಯೆಲ್ಲ ಬೂದಿ ಬಣ್ಣ. ಅತ್ತಿ ಬಗ್ಗಿ ನೋಡಿ ಹಿಗ್ಗಿದಳು. "ಅಯ್ಯ ಶಿವನ! ಮೈತುಂಬ ವಿಭೂತಿ ಬಡಕೊಂಡೈತಿ. ನಮ್ಮ ಪೈಕಿನ ಇದು!"

ಹುಡುಗಿ ಉದ್ದನೆಯ ಇಕ್ಕಳದಿಂದ ಗಾಳ ಬಿಡಿಸುತ್ತಿದ್ದಳು. ಅತ್ತಿ ಸಂಚಿಗೆ ಕೈಹಾಕಿದಳು.

"ಬಾಯಿ ಹತ್ತಿರ ಕೈ ಒಯ್ಯಬೇಡಿ ಅಮ್ಮ!" ಹುಡುಗಿ ಚೀರಿದಳು.

"ಹಂಗಾದ್ರ ಬೆನ್ನಿಗೆ ಹಚ್ಚತೇನಿ. ಒಳಗ ಇಳೀತೈತಿ."

ಹಚ್ಚಿಯೇ ಹಚ್ಚಿದಳು! ಹುಡುಗಿ ನಗುತ್ತ, "ಅಮ್ಮಾ, ನಮ್ಮಲ್ಲಿ ಮೀನಿಗೆ ಅರಿಶಿಣ ಹಚ್ಚೂದು ಹುರೀಲಿಕ್ಕೆ!" ಅಂದಳು. ಶಾರ್ಕಿಗೆ ಈ ಮಾತು ಕೇಳಿಸಿತೋ ಏನೋ, ಬಾಲ ಬಡಿದು ನಮ್ಮೆಲ್ಲರನ್ನೂ ತೋಯಿಸಿ ನೀರೊಳಗೆ ಇಳಿಯಿತು. ಅತ್ತಿ ಅದು ಕಾಣದಾದ ಮೇಲೂ ನೋಡುತ್ತಲೇ ಇದ್ದಳು.

ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಶಾಕಾಹಾರಿ ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಮನೆಯಲ್ಲಿ ಅತ್ತಿ ಉಣ್ಣುವಾಗ ನಾವು ಯಾರೂ ಅವಳ ಕಡೆ ನೋಡುವುದಿಲ್ಲ. ಅನ್ನ ಚೆಲ್ಲುತ್ತದೆ, ಸಾರು ಸೀರೆಯ ಮೇಲೆ ಬೀಳುತ್ತದೆ. ನನ್ನ ಹೆಂಡತಿ ಒಮ್ಮೆ ತುತ್ತು ಮಾಡಿ ಕೊಡಲು ಹೋದದ್ದಕ್ಕೆ ಇಡೀ ದಿನ ಉಪವಾಸ ಕೂತವಳು ಅವಳು. ಅಂದು ಆ ಕೈ ದಣಿದು ಇನ್ನಷ್ಟು ನಡುಗುತ್ತಿತ್ತು. ನಾನು ಅಭ್ಯಾಸದಂತೆ ಬೀದಿಯ ಕಡೆ ಮುಖ ಮಾಡಿದೆ. ತಟ್ಟೆ ಸರಿದ ಸದ್ದಾಯಿತು. ನೋಡಿದರೆ ಅದು ನನ್ನ ಮುಂದೆ ಬಂದಿತ್ತು.

"ನೀನ ಉಣಸಲೇ" ಅಂದಳು ಅತ್ತಿ.

"ಯಾಕ ಅತ್ತಿ?"

"ಈ ಕೈಲೆ ಮಾಡೂದೆಲ್ಲಾ ಮಾಡಿ ಮುಗಿಸೇನಿ. ಇನ್ನ ಅದು ಸುಮ್ನ ಕುಂದರಲಿ."

ಅನ್ನ ಕಲಸಿ ತುತ್ತು ಮಾಡಿ ಎತ್ತಿದೆ. ನನ್ನ ಕೈ ನಡುಗಿ ನಾಲ್ಕು ಅಗುಳು ಮೇಜಿನ ಮೇಲೆ ಬಿದ್ದವು. ಅತ್ತಿ ಆ ಬಲಗೈಯಿಂದಲೇ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಸಾವಕಾಶ ಮಾಡೋ ಮಗಾ. ನಾ ಹಿಡದೇನಿ" ಎಂದು ಬಾಯಿ ತೆರೆದಳು.